ಒಂದು ಪತ್ರಿಕೆ, ಎರಡು ವಿಭಾಗ: ಉನ್ನತ ಶಿಕ್ಷಣ ಸಚಿವರಿಗೆ ಕೊಡಗಿನಿಂದ ಬಹಿರಂಗ ಪತ್ರ

ಸನ್ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಕೊಡಗಿನ ಪದವಿ ಕಾಲೇಜುಗಳಲ್ಲಿ ಕನ್ನಡ, ಇಂಗ್ಲಿಷ್ ಕಲಿಸುವ ಅಧ್ಯಾಪಕರ ನಮಸ್ಕಾರಗಳು. ಬಿ.ಎ. ಐದನೇ ಸೆಮಿಸ್ಟರಿನಲ್ಲಿ ತೌಲನಿಕ ಸಾಹಿತ್ಯದ, ಅಂದರೆ ಬೇರೆ ಬೇರೆ ಭಾಷೆಗಳ ಕೃತಿಗಳನ್ನು ಹೋಲಿಸಿ ಓದುವ, ಒಂದು ಪತ್ರಿಕೆಯನ್ನು ಸರಿಯಾಗಿ ನಡೆಸಲು ಏನು ಬೇಕು, ಏನು ಅಡ್ಡ ಬರುತ್ತದೆ ಎಂಬುದಷ್ಟೇ ಈ ಪತ್ರದ ವಿಷಯ. ಪಠ್ಯಕ್ರಮ ರೂಪಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಕೆಲಸ. ಅದರಲ್ಲಿ ತಾವು ಕೈಹಾಕಬೇಕೆಂದು ಕೇಳುತ್ತಿಲ್ಲ. ಅಧ್ಯಾಪಕರ ಕಾರ್ಯಭಾರ (ಪಾಠದ ಗಂಟೆ) ಲೆಕ್ಕ ಹಾಕುವ ರೀತಿ, ಅತಿಥಿ ಉಪನ್ಯಾಸಕರ ನೇಮಕದ ವೇಳೆ, ಪುಸ್ತಕ ಮುದ್ರಣದ ಹಣ ಮಾತ್ರ ಸರ್ಕಾರದ ಕೈಯಲ್ಲಿವೆ. ಪತ್ರಿಕೆ ಸೋಲುವುದು ಹೆಚ್ಚಾಗಿ ಅಲ್ಲಿಯೇ.

2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಇರುವ ಆರು ಸೆಮಿಸ್ಟರಿನಲ್ಲಿ ಇನ್ನೊಂದು ವಿಷಯಕ್ಕೆ ಜಾಗವೆಲ್ಲಿ ಎಂದು ಯಾರಾದರೂ ಕೇಳಬಹುದು. ಆದರೆ ಕೊಡಗಿನ ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಆಡುವವರು, ಅರೆಭಾಷೆಯವರು, ತುಳು, ಮಲಯಾಳ, ಯರವ ಮಾತಾಡುವವರು ಒಟ್ಟಿಗೆ ಕೂರುತ್ತಾರೆ. ಭಾಷೆಗಳನ್ನು ಅಕ್ಕಪಕ್ಕ ಇಟ್ಟು ಓದುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಬೇರೆ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಪಾಠ ಹೇಗೆ ನಡೆಯುತ್ತದೆ ಎಂಬುದಕ್ಕೆ ಯಯಾತಿಯ ಕಥೆಯನ್ನೇ ತೆಗೆದುಕೊಳ್ಳಿ. ಮಹಾಭಾರತದ ಆದಿಪರ್ವದಲ್ಲಿ ಅದು ಉಪಾಖ್ಯಾನ. 1906ರಲ್ಲಿ ಹರದಾಸ ಅಪ್ಪಚ್ಚ ಕವಿ ಅದನ್ನು ಕೊಡವ ತಕ್ಕಿನಲ್ಲಿ ನಾಟಕ ಮಾಡಿದರು. 1959ರಲ್ಲಿ ವಿ.ಸ. ಖಾಂಡೇಕರ್ ಮರಾಠಿಯಲ್ಲಿ ಕಾದಂಬರಿ ಬರೆದರು. 1961ರಲ್ಲಿ ಗಿರೀಶ ಕಾರ್ನಾಡರ ಕನ್ನಡ ನಾಟಕ ಬಂತು. ಇಷ್ಟನ್ನೂ ಪೂರ್ತಿ ಓದಿಸಲು ಹೊರಟರೆ ಸೆಮಿಸ್ಟರ್ ಮುಗಿದರೂ ಪಾಠ ಮುಗಿಯದು. ಆದ್ದರಿಂದ ಅಪ್ಪ ಮಗನ ಬಳಿ ಯೌವನ ಕೇಳುವ ಘಟ್ಟವನ್ನು ನಡುವೆ ಇಡಬೇಕು. ಒಂದು ಹಾಳೆಯಲ್ಲಿ ಕೃತಿಗೊಂದರಂತೆ ನಾಲ್ಕು ಅಂಕಣ ಎಳೆದು, ಯಾರು ಮಾತಾಡುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ, ಯಾರ ಬಾಯಿಗೆ ಮಾತೇ ಇಲ್ಲ ಎಂದು ವಿದ್ಯಾರ್ಥಿಯೇ ತುಂಬಬೇಕು. ಆಗ ಕಾಣುವುದು ಇದು: ಆದಿಪರ್ವದ ಈ ಪ್ರಸಂಗದಲ್ಲಿ ಹಿರಿಯ ಮಕ್ಕಳು ಒಬ್ಬೊಬ್ಬರಾಗಿ ಒಲ್ಲೆ ಎನ್ನುತ್ತಾರೆ, ಪೂರು ಒಪ್ಪುತ್ತಾನೆ, ಅವನ ಹೆಂಡತಿಯ ಸುದ್ದಿಯೇ ಇಲ್ಲ. ಕಾರ್ನಾಡರು ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದ ಮೇಲೆ ಅದೇ ಒಪ್ಪಿಗೆ ಬೇರೆ ಬಣ್ಣ ಪಡೆಯುತ್ತದೆ. ಖಾಂಡೇಕರರಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ತಾವೇ ಕಥೆ ಹೇಳುವುದರಿಂದ ರಂಗದ ಮೇಲೆ ಹೇಳಲಾಗದ ಒಳಮಾತು ಪುಟಗಟ್ಟಲೆ ಹರಿಯುತ್ತದೆ. ಸಾಹಿತ್ಯ ಪ್ರಕಾರ ಬದಲಾದರೆ ಕಥೆಯೂ ಬದಲಾಗುತ್ತದೆ ಎಂದು ನೋಟ್ಸಿನಲ್ಲಿ ಬರೆಸಬೇಕಾಗಿಯೇ ಇಲ್ಲ, ಹಾಳೆ ತುಂಬಿದವರಿಗೆ ಗೊತ್ತಾಗಿರುತ್ತದೆ.

ಇಲ್ಲಿ ಎಡವುವ ಜಾಗ ಎರಡು. ಮೊದಲನೆಯದು ಸಾಮ್ಯ, ವ್ಯತ್ಯಾಸಗಳ ಪಟ್ಟಿ. ಗೈಡ್ ಪುಸ್ತಕ ಕಲಿಸುವುದು ಅದನ್ನೇ. ಹತ್ತು ಸಾಮ್ಯ, ಹತ್ತು ವ್ಯತ್ಯಾಸ ಬರೆದರೆ ಅಂಕ ಬೀಳುತ್ತದೆ, ಓದು ನಡೆದಿರುವುದಿಲ್ಲ. ಎರಡನೆಯದು ಪ್ರಭಾವದ ಬೇಟೆ. 1959 ಮೊದಲು, 1961 ಆಮೇಲೆ, ಹಾಗಾಗಿ ಇದರಿಂದ ಅದು ಹುಟ್ಟಿತು ಎಂದು ವಿದ್ಯಾರ್ಥಿಗಳು ಬರೆದುಬಿಡುತ್ತಾರೆ. ಪ್ರಭಾವ ಎನ್ನಬೇಕಾದರೆ ಲೇಖಕರಿಗೆ ಆ ಭಾಷೆ ಬರುತ್ತಿತ್ತೇ, ಕೃತಿ ಅಥವಾ ಅನುವಾದ ಅವರ ಕೈಗೆ ಯಾವಾಗ ಸಿಕ್ಕಿರಬಹುದು, ಅವರೇ ಏನಾದರೂ ಹೇಳಿದ್ದಾರೆಯೇ ಎಂದು ತೋರಿಸಬೇಕು. ಪ್ರಶ್ನೆಪತ್ರಿಕೆಯಲ್ಲಿ ಟಿಪ್ಪಣಿ ಬರೆಯಿರಿ ಎಂಬುದನ್ನು ಕಡಿಮೆ ಮಾಡಿ, ಪಾಠದಲ್ಲಿ ಬಾರದ ಎರಡು ತುಣುಕು ಕೊಟ್ಟು ಓದಿ ಬರೆಯಲು ಹೇಳಿದರೆ ಈ ಎರಡೂ ರೋಗ ಅರ್ಧಕ್ಕರ್ಧ ಇಳಿಯುತ್ತವೆ.

ಬಾಯಿಹಾಡಿನ ಭಾಗ ಇನ್ನೂ ಸೂಕ್ಷ್ಮ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪಟ್ಟೋಲೆ ಪಳಮೆಯಲ್ಲಿ ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ನಾಲ್ವರು ಜೋಡಿ ಜೋಡಿಯಾಗಿ ಹಾಡುವ ಆ ಪಾಟ್ (ಹಾಡು) ಪುಟಕ್ಕೆ ಇಳಿದಾಗ ಲಯ, ಮರುಕಳಿಸುವ ದನಿ, ಎರಡನೇ ಜೋಡಿಯ ಉತ್ತರ ಹೊರಗೆ ಉಳಿಯುತ್ತವೆ. ಅದರ ಮೇಲೆ, ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಪುಸ್ತಕ ನೋಡಿ ಓದಿದರೆ ಕೊಡವರೇ ತಡವರಿಸುವುದುಂಟು. ಆದ್ದರಿಂದ ಧ್ವನಿಮುದ್ರಣ ಕೇಳಿಸದೆ ಈ ಘಟಕ ಶುರು ಮಾಡಲೇಬಾರದು.

ಕೊಡಗಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜುಲೈ, ಆಗಸ್ಟಿನಲ್ಲಿ ರಜೆ ಘೋಷಣೆಯಾಗಿ ತರಗತಿ ತಪ್ಪುತ್ತವೆ, ಒಳಊರಿನವರಿಗೆ ಬಸ್ಸೂ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಕೂತು ಓದಬಹುದಾದ ಯಯಾತಿ ಮೊದಲು ಬರಲಿ. ಹಾಡಿನ ಘಟಕ ನವೆಂಬರ್, ಡಿಸೆಂಬರಿಗೆ, ಹುತ್ತರಿ ಸುಗ್ಗಿಹಬ್ಬದ ಆಸುಪಾಸಿಗೆ ಹೋಗಲಿ. ಆಗ ಹಾಡು ಊರಿನಲ್ಲೇ ಕೇಳಸಿಗುತ್ತದೆ. ಧ್ವನಿ ಮುದ್ರಿಸುವ ಮೊದಲು ಹಾಡುಗಾರರ ಒಪ್ಪಿಗೆ ಪಡೆಯುವುದು ಪಾಠದ ಭಾಗವೇ. ಅವರನ್ನು ಕಾಲೇಜಿಗೆ ಕರೆದಾಗ ಗೌರವಧನದ ಅರ್ಜಿಯಲ್ಲಿ ವಿದ್ಯಾರ್ಹತೆಯ ಕಾಲಂ ಇಡದಿದ್ದರೆ ಉಪಕಾರವಾದೀತು.

ವಾರಕ್ಕೆ 4 ಗಂಟೆಯಂತೆ 15 ವಾರಕ್ಕೆ ಸಿಗುವುದು 60 ಗಂಟೆ. ಹೋಲಿಸಿ ಓದುವ ವಿಧಾನಕ್ಕೆ 8, ಯಯಾತಿಗೆ 20, ಹಾಡಿಗೆ 14, ರಾಜೇಂದ್ರನಾಮೆ ಎಂಬ ಚರಿತ್ರೆ ಮತ್ತು ಮಾಸ್ತಿಯವರ ಚಿಕವೀರ ರಾಜೇಂದ್ರ ಕಾದಂಬರಿ ಕೊಡಗಿನ ಒಂದೇ ಅರಸುಮನೆತನವನ್ನು ಎರಡು ಬಗೆಯಲ್ಲಿ ಬರೆದದ್ದಕ್ಕೆ 8, ಹ್ಯಾಮ್ಲೆಟ್ ಕುವೆಂಪು ಅವರ ರಕ್ತಾಕ್ಷಿ ನಾಟಕವಾಗಿ ಬಿದನೂರಿಗೆ ಬಂದ ಬಗೆಗೆ 6, ವಿದ್ಯಾರ್ಥಿಗಳ ಮಂಡನೆಗೆ 4. ಹ್ಯಾಮ್ಲೆಟ್ ಪಾಠವನ್ನು ಕನ್ನಡದವರೊಬ್ಬರೇ ಮಾಡಿದರೆ ಅರ್ಧ, ಇಂಗ್ಲಿಷಿನವರೊಬ್ಬರೇ ಮಾಡಿದರೂ ಅರ್ಧ.

ಮುಖ್ಯ ಬೇಡಿಕೆ ಇರುವುದು ಇಲ್ಲಿ. ಈಗ ಒಂದು ಪತ್ರಿಕೆಯ ಗಂಟೆಗಳೆಲ್ಲ ಒಂದೇ ವಿಭಾಗದ ಖಾತೆಗೆ ಸೇರುತ್ತವೆ. ಸಹಾಯಕ ಪ್ರಾಧ್ಯಾಪಕರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ವಾರಕ್ಕೆ 16 ಗಂಟೆ ಪಾಠ. ಇನ್ನೊಂದು ವಿಭಾಗದ ಪತ್ರಿಕೆಯಲ್ಲಿ 2 ಗಂಟೆ ಪಾಠ ಮಾಡಿದರೆ ಅದು ಆ 16ರಲ್ಲಿ ಕಾಣುವುದಿಲ್ಲ. ಗಂಟೆಗಳ ಮೇಲೆಯೇ ಕೆಲಸ ನಿಂತಿರುವ ಅತಿಥಿ ಉಪನ್ಯಾಸಕರು ತಮ್ಮ ವಿಭಾಗದ ಗಂಟೆ ಬಿಟ್ಟುಕೊಡಲು ಹೆದರುವುದು ಸಹಜ. ಒಂದು ಪತ್ರಿಕೆಯನ್ನು ಎರಡು ವಿಭಾಗ 2+2 ಎಂದು ಹಂಚಿಕೊಂಡರೆ ಅವರವರ 2 ಗಂಟೆಯನ್ನು ಅವರವರ ಕಾರ್ಯಭಾರವೆಂದು ಎಣಿಸಬೇಕು ಎಂಬ ಒಂದು ಸುತ್ತೋಲೆ ಸಾಕು. ಖಜಾನೆಯ ಮೇಲೆ ಒಂದು ರೂಪಾಯಿಯ ಹೊರೆಯೂ ಹೆಚ್ಚಾಗಿ ಬೀಳದು, ಒಟ್ಟು ಗಂಟೆ ಅಷ್ಟೇ ಇರುತ್ತದೆ. ಅತಿಥಿ ಉಪನ್ಯಾಸಕರ ನೇಮಕ ತರಗತಿ ಶುರುವಾಗುವ ದಿನಕ್ಕೆ ಮುಗಿದಿರಲಿ. ತಡವಾದರೆ ಕಳೆದುಹೋಗುವುದು ವಿಧಾನ ಕಲಿಸುವ ಮೊದಲ 8 ಗಂಟೆ, ಅದಿಲ್ಲದೆ ಉಳಿದದ್ದು ಕಥೆ ಹೇಳುವುದಷ್ಟೇ ಆಗುತ್ತದೆ. ಗುಡ್ಡಗಾಡಿನ ಸಣ್ಣ ಕಾಲೇಜುಗಳಿಗೆ ಐಚ್ಛಿಕ ಪತ್ರಿಕೆಯ ಕನಿಷ್ಠ ವಿದ್ಯಾರ್ಥಿ ಸಂಖ್ಯೆಯಲ್ಲೂ ಸಡಿಲಿಕೆ ಬೇಕು.

ಪುಸ್ತಕದ ವಿಚಾರ ಸುಲಭ. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ. ಚಿಣ್ಣಪ್ಪನವರು 1931ರಲ್ಲಿ, ಅಪ್ಪಚ್ಚ ಕವಿ 1944ರಲ್ಲಿ ತೀರಿಕೊಂಡವರು. ಅವರ ಮೂಲ ಕೃತಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಈಚಿನ ಅನುವಾದಕ್ಕೂ ಸಂಪಾದಕರ ಟಿಪ್ಪಣಿಗಳಿಗೂ ಹಕ್ಕು ಬೇರೆ ಇರುತ್ತದೆ, ಅದನ್ನು ಬೆರೆಸಬಾರದು. ಖಾಂಡೇಕರ್ ತೀರಿಕೊಂಡದ್ದು 1976ರಲ್ಲಿ, ಕಾರ್ನಾಡರು 2019ರಲ್ಲಿ. ಇವರಿಬ್ಬರ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಳ್ಳಲೇಬೇಕು. ಮಡಿಕೇರಿಯಲ್ಲಿ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳೆರಡೂ ಇವೆ. ಕನ್ನಡ ಅರ್ಥ, ಧ್ವನಿಮುದ್ರಣ ಸೇರಿಸಿದ ಪಠ್ಯಸಂಕಲನವನ್ನು ಅವುಗಳ ಜೊತೆ ಸೇರಿ ತಮ್ಮ ಇಲಾಖೆ ಹೊರತಂದರೆ ಐದೂ ತಾಲ್ಲೂಕಿನ ಕಾಲೇಜುಗಳಿಗೆ ಸಾಲುತ್ತದೆ.

ಕಾರ್ಯಭಾರದ ಸುತ್ತೋಲೆ ಮುಂದಿನ ಸಾಲಿನ ವೇಳಾಪಟ್ಟಿ ಸಿದ್ಧವಾಗುವ ಮೊದಲು ಕೈಸೇರಬೇಕು. ವೇಳಾಪಟ್ಟಿ ಅಂಟಿಸಿದ ಮೇಲೆ ಬಂದರೆ ಇನ್ನೊಂದು ವರ್ಷ ಕಾಯುವುದೇ ಆಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನ ಪದವಿ ಕಾಲೇಜುಗಳ ಕೆಲವು ಭಾಷಾ ಅಧ್ಯಾಪಕರು