ದೊಡ್ಡಮ್ಮ ಮತ್ತು ಇಪ್ಪತ್ತೊಂದು ಅಕ್ಷರ

ಸೋಮವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನು, ಮೆಸೇಜು ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಗೈಡ್ ಮೇಡಂಗೆ, ರಾತ್ರಿ ಹನ್ನೊಂದಕ್ಕೂ ಮೈಕ್ರೋಸ್ಕೋಪ್ ರೂಮಿನ ಬೀಗ ತೆಗೆದುಕೊಟ್ಟ ಅಟೆಂಡರ್ ಅಣ್ಣನಿಗೆ, ನಾನು ಊರಿಗೆ ಹೋದಾಗ ನನ್ನ ಸೆಲ್‌ಗಳನ್ನು ಸಾಕಿದ ಲ್ಯಾಬಿನ ಗೆಳತಿಯರಿಗೆ ನಮಸ್ಕಾರ. ನಿಮಗೆಲ್ಲ ಸೇರಿ ಒಂದೇ ಸಾಲು ಅಂತ ಬೇಜಾರಾಗಬೇಡಿ. ಉಳಿದ ಜಾಗ ದೊಡ್ಡಮ್ಮನಿಗೆ ಬೇಕು.

ಆ ಜುಲೈ ನಿಮಗೆ ನೆನಪಿದೆ ಅಲ್ವಾ? ಅಪ್ಪ ಶಿವಮೊಗ್ಗದಲ್ಲಿ ಐಸಿಯುನಲ್ಲಿದ್ದರು, ಅಮ್ಮ ಅವರ ಜೊತೆ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ದನಕರು ನೋಡಿಕೊಂಡು ನಾನೊಬ್ಬಳೇ. ಕರೆಂಟು ಹೋಗಿ ಮೂರು ದಿನವಾಗಿತ್ತು. ಎಂಟು ತಿಂಗಳಿಂದ, ಹಸಿರಾಗಿ ಹೊಳೆಯುವಂತೆ ಮಾಡಿದ್ದ ನನ್ನ ಪ್ರೋಟೀನು ಸೆಲ್‌ನ ನಡುವಿನ ನ್ಯೂಕ್ಲಿಯಸ್ಸಿನ ಒಳಗೆ ಹೋಗುತ್ತಿರಲಿಲ್ಲ. ಯಾವ ಸೆಲ್ ನೋಡಿದರೂ ಸುತ್ತ ಹಸಿರು, ನಡುವೆ ಕಪ್ಪು ತೂತು. ಪಿಎಚ್‌ಡಿ ಬಿಡುತ್ತೇನೆ ಅಂತ ಮೇಡಂಗೆ ಕಾಗದ ಬರೆದು ಮಡಚಿಟ್ಟಿದ್ದೆ.

ದೊಡ್ಡಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ಆ ಮಳೆಯಲ್ಲೇ ಬಂದರು. ಒಲೆ ಮುಂದೆ ಕೂತು, "ಅಂಥಾದ್ದೇನೇ ಅದು ನಿನ್ನ ಓದು?" ಅಂದರು. ಹೇಳಿದೆ. ನ್ಯೂಕ್ಲಿಯಸ್ಸಿಗೆ ಒಂದು ಬೇಲಿ, ಬೇಲಿಯಲ್ಲಿ ಸಾವಿರಾರು ಬಾಗಿಲು. ಸುಮಾರು 40 ಕಿಲೋಡಾಲ್ಟನ್‌ಗಿಂತ (ಪ್ರೋಟೀನಿನ ತೂಕದ ಅಳತೆ) ಚಿಕ್ಕ ಪ್ರೋಟೀನು ತಾನಾಗಿ ನುಸುಳುತ್ತದೆ. ದೊಡ್ಡದಕ್ಕೆ ಮೈಮೇಲೆ ಒಂದು ಗುರುತು ಬೇಕು. ಗುರುತು ಇದ್ದರೆ ಇಂಪೋರ್ಟಿನ್ ಅನ್ನುವ ಸಾಗಿಸುವ ಪ್ರೋಟೀನು ಅದನ್ನು ಹಿಡಿದು ಒಳಗೆ ದಾಟಿಸುತ್ತದೆ, ಒಳಗೆ ರಾನ್ ಅನ್ನುವ ಇನ್ನೊಂದು ಪ್ರೋಟೀನು ಬಂದು ಬಿಡಿಸುತ್ತದೆ.

"ಉಣುಗೋಲು ಅನ್ನು ಮತ್ತೆ. ಕೋಳಿ ಅಡಿಯಲ್ಲೇ ತೂರ್ತದೆ, ದನಕ್ಕೆ ಯಾರಾದ್ರೂ ಕೋಲು ಸರಿಸ್ಬೇಕು. ನಿನ್ನ ದನಕ್ಕೆ ಗುರುತು ಸರಿಯಾಗಿ ಹಾಕಿದ್ದೀಯಾ?"

ಮೇಡಂ ಕೂಡ ಅದನ್ನೇ ಕೇಳಿದ್ದರು. ಹೂಂ ಅಂದಿದ್ದೆ. ನೋಡಿರಲಿಲ್ಲ.

ಆ ಪ್ರೋಟೀನಿನ ಡಿಎನ್‌ಎ ಅಕ್ಷರಗಳ, ಅಂದರೆ ಸೀಕ್ವೆನ್ಸಿನ, ಪ್ರಿಂಟು ಸುಮ್ನೆ ಬ್ಯಾಗಿನಲ್ಲೇ ಬಿದ್ದಿತ್ತು. ಗುರುತು ಅಂದರೆ ಏಳು ಅಮೈನೋ ಆಮ್ಲ, ಒಂದಕ್ಕೆ ಮೂರರಂತೆ ಇಪ್ಪತ್ತೊಂದು ಅಕ್ಷರ. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಎ, ಸಿ, ಜಿ, ಟಿ ನಾಲ್ಕನ್ನು ಒಲೆಯ ಬೂದಿಯಲ್ಲಿ ಬರೆದು ತೋರಿಸಿದೆ. ನಾನು ಇರಬೇಕಾದ ಸಾಲನ್ನು ನೋಟ್‌ಬುಕ್ ನೋಡಿ ಓದುತ್ತಾ ಹೋದೆ, ಅವರು ಬುಡ್ಡಿದೀಪದಲ್ಲಿ ಪ್ರಿಂಟಿನ ಮೇಲೆ ಬೆರಳಿಟ್ಟು ಸಾಗಿದರು. "ಎ, ಎ, ಜಿ" ಅಂದೆ. ಬೆರಳು ನಿಂತಿತು.

"ಇಲ್ಲಿ ನಡುವೆ ಸಿ ಇದೆ ಕಣೇ."

ಲೈಸಿನ್ ಅನ್ನುವ ಅಮೈನೋ ಆಮ್ಲ ಇರಬೇಕಾದಲ್ಲಿ ಥ್ರಿಯೊನಿನ್. ಪ್ರೈಮರ್ (ಗುರುತು ಸೇರಿಸಲು ಬೇಕಾದ ಡಿಎನ್‌ಎ ತುಣುಕು) ಆರ್ಡರ್ ಮಾಡುವಾಗ ಟೈಪ್ ಮಾಡಿದವಳು ನಾನೇ. 1984ರಲ್ಲಿ ಎಸ್‌ವಿ40 ವೈರಸ್ಸಿನ ಪ್ರೋಟೀನಿನಲ್ಲಿ ಇದೇ ಲೈಸಿನ್ ಬದಲಿಸಿ, ಆಗ ಅದು ಹೊರಗೇ ಉಳಿಯುತ್ತದೆ ಅಂತ ತೋರಿಸಿದ್ದರು. ಎಂಟು ತಿಂಗಳು ನಾನು ಆ ಹಳೇ ಪ್ರಯೋಗವನ್ನೇ ಗೊತ್ತಿಲ್ಲದೆ ಮತ್ತೆ ಮಾಡಿದ್ದೆ! ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳಿನಿಂದ ದೊಡ್ಡಮ್ಮ ಆ ಸಿ ಮೇಲೆ ಒಂದು ಬೊಟ್ಟು ಇಟ್ಟರು. ಮಡಚಿಟ್ಟ ಕಾಗದ ಬೆಳಿಗ್ಗೆ ಒಲೆ ಹಚ್ಚಲು ಹೋಯಿತು.

ಅಪ್ಪನ ವಿಷಯ ಇಲ್ಲಿ ಬರೆಯಲಾರೆ. ಕೊನೆಯ ಅಧ್ಯಾಯಕ್ಕೆ ನಾನು ನ್ಯೂಕ್ಲಿಯಸ್ಸಿನ ಒಳಗೆ ಒಂದು ಚುಕ್ಕೆಯಷ್ಟು ಜಾಗದ ಹಸಿರನ್ನು ಲೇಸರ್‌ನಿಂದ ಆರಿಸುತ್ತಿದ್ದೆ. ಕೆಲವೇ ಸೆಕೆಂಡಿನಲ್ಲಿ ಜಾಗ ಮತ್ತೆ ಹಸಿರಾಗುತ್ತದೆ. ಆದರೆ ಆರಿದ್ದು ಮತ್ತೆ ಬೆಳಗುವುದಿಲ್ಲ. ಸುತ್ತ ಓಡಾಡುತ್ತಿರುವವು ಬಂದು ಸೇರುತ್ತವೆ, ಅಷ್ಟೇ. ಆ ವರ್ಷ ಅದನ್ನು ನೋಡುತ್ತಾ ಕತ್ತಲೆ ರೂಮಿನಲ್ಲಿ ಜಾಸ್ತಿ ಸಲವೇ ಅತ್ತಿದ್ದೇನೆ. ಸಾಕು.

ಮೊನ್ನೆ ಥೀಸಿಸ್ ಒಯ್ದು ದೊಡ್ಡಮ್ಮನ ಕೈಗೆ ಕೊಟ್ಟೆ. ರಟ್ಟಿನ ಮೇಲೆ ಬೆರಳಾಡಿಸಿ ಎ ಎಲ್ಲಿದೆ, ಸಿ ಎಲ್ಲಿದೆ ಅಂತ ಹುಡುಕಿದರು. ಆಮೇಲೆ ಕನ್ನಡಕ ಮೇಲೇರಿಸಿ ಕೇಳಿದರು: "ಇದೆಲ್ಲ ಬೇರೆ ಅಕ್ಷರವೇ ಇದೆಯಲ್ಲೇ. ಮತ್ತೆ ತಪ್ಪು ಬರೆದಿಲ್ಲ ತಾನೇ?"