ಹಕ್ಕರಕಿ ಕೊಯ್ಯುವ ಮೊದಲು ಬದುವಿಗೆ ಏನು ಹೊಡೆದಿದ್ದಾರೆ ಕೇಳಿ

ಮಾನ್ಯ ಸಂಪಾದಕರೇ,

ಹಿಂಗಾರಿ ಕಡಲಿ, ಬಿಳಿಜೋಳ ಮೇಲೇಳುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರಿಹೊಲಗಳಲ್ಲಿ, ಅಂದರೆ ಕಪ್ಪುಮಣ್ಣಿನ ಹೊಲಗಳಲ್ಲಿ, ಹಕ್ಕರಕಿ ಎಂಬ ತಪ್ಪಲ (ಸೊಪ್ಪು) ತಾನಾಗಿ ಹುಟ್ಟುತ್ತದೆ. ಹತ್ತರಕಿ ಎನ್ನುವವರೂ ಇದ್ದಾರೆ. ಸೂರ್ಯಕಾಂತಿ, ಕುಸುಬಿ, ಗುರೆಳ್ಳಿನ ಕುಟುಂಬದ್ದೇ ಈ ಹಳದಿ ಹೂವಿನ ಗಿಡ. ರೊಟ್ಟಿ, ಶೇಂಗಾ ಹಿಂಡಿ ಜೊತೆ ಇದನ್ನು ಹಸಿಯಾಗಿಯೇ ತಿನ್ನುತ್ತೇವೆ. ಹಾಗಾಗಿ ಯಾವ ಹೊಲದ್ದು, ಯಾವ ಬದುವಿನದ್ದು ಎಂದು ವಿಚಾರಿಸದೆ ತಿನ್ನಬಾರದ ತಪ್ಪಲ ಇದು.

ಈಗ ಬದು ಸ್ವಚ್ಛ ಮಾಡಲು ಕುರ್ಪಿ ಹಿಡಿಯುವವರು ಕಡಿಮೆ. ಗ್ಲೈಫೋಸೇಟ್ ಹೊಡೆಯುವವರು ಹೆಚ್ಚು. ಈ ಕಳೆನಾಶಕವನ್ನು ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಗ್ಲೈಫೋಸೇಟ್ ಎಲೆಯಿಂದ ಒಳಗಿಳಿದು ಬೇರಿನವರೆಗೆ ಹೋಗುತ್ತದೆ, ಆದರೆ ಗಿಡ ನಾಲ್ಕೈದು ದಿನ ಹಸಿರಾಗಿಯೇ ಕಾಣುತ್ತದೆ, ಹಳದಿಯಾಗುವುದು ಆಮೇಲೆ. ಆ ನಡುವೆ ಕೊಯ್ದದ್ದು ಸಂತೆಗೆ ಬಂದರೆ ಕಣ್ಣಿಂದ ಗುರುತಿಸಲು ಸಾಧ್ಯವೇ ಇಲ್ಲ. ಒಳಗೆ ಹೋದದ್ದು ಎಷ್ಟು ತೊಳೆದರೂ ಬಿಡುವುದಿಲ್ಲ. ಜೋಳ, ಗೋವಿನಜೋಳಕ್ಕೆ ಹೊಡೆಯುವ 2,4-ಡಿ ಎಂಬ ಕಳೆನಾಶಕ ಬಿದ್ದಿದ್ದರೆ ದಂಟು, ಎಲೆ ತಿರುಚಿಕೊಳ್ಳುತ್ತವೆ, ಅಂಥದ್ದನ್ನು ಮುಟ್ಟಲೇಬೇಡಿ. ಕಡಲಿಗೆ ಕಾಯಿಕೊರಕದ ಔಷಧಿ ಹೊಡೆದಾಗಲೂ ಸಾಲಿನ ನಡುವೆ ನೆಲಕ್ಕಂಟಿದ ಹಕ್ಕರಕಿಯ ಮೇಲೆ ಅದೇ ಹನಿ ಬೀಳುತ್ತದೆ. ಹುಬ್ಬಳ್ಳಿ ಸುತ್ತಿನವರು ಉಣಕಲ್ ನಾಲಾದಂಥ ಕೊಳಚೆ ನೀರು ಹಾಯುವ ಜಾಗದ್ದನ್ನೂ ಬಿಡಬೇಕು. ಹಸಿ ತಪ್ಪಲದಲ್ಲಿ ಜಂತುವಿನ ಮೊಟ್ಟೆ ಹೊಟ್ಟೆಗೆ ಹೋಗುವ ದಾರಿ ಅದೇ.

ಇನ್ನು ಗುರುತಿನ ಮಾತು. ಹಕ್ಕರಕಿಗೆ ಡ್ಯಾಂಡಿಲಯನ್ ಚಿತ್ರ ಹಾಕಿ ಬರೆಯುವ ರೂಢಿ ಬೆಳೆದಿದೆ. ಎರಡೂ ಬೇರೆ. ಡ್ಯಾಂಡಿಲಯನ್‌ದು ಟೊಳ್ಳು ದಂಟು, ಕವಲಿಲ್ಲ, ತುದಿಗೆ ಒಂದೇ ಹೂ. ನಮ್ಮದು ಲೌನಿಯಾ ಕುಲದ್ದು: ಎಲೆಗಳು ನೆಲಕ್ಕೆ ಹರಡಿ ಸುತ್ತುಗಟ್ಟಿರುತ್ತವೆ, ಅಂಚು ಸೀಳಿ ಸಣ್ಣ ಹಲ್ಲು ಮೂಡಿರುತ್ತದೆ, ದಂಟು ಕವಲೊಡೆದು ಹಲವು ಹೂ ಬಿಡುತ್ತದೆ, ಮುರಿದರೆ ಬಿಳಿ ಹಾಲು. ಹಾಲೊಂದನ್ನೇ ನಂಬಬೇಡಿ, ವಿಷದ ಗಿಡಗಳಲ್ಲೂ ಹಾಲಿರುತ್ತದೆ. ಎಲೆಯ ಲಕ್ಷಣಗಳೂ ಕೂಡಿಬರಬೇಕು. ಎಳೆಯ ಪಾರ್ಥೇನಿಯಂ ಕೂಡ ಹೀಗೇ ನೆಲಕ್ಕೆ ಹರಡುತ್ತದೆ, ಆದರೆ ಅದರ ಎಲೆ ನವಿರಾಗಿ ಸೀಳಿ ರೋಮವಿರುತ್ತದೆ, ಹಾಲು ಬರುವುದಿಲ್ಲ. ಹೆಚ್ಚು ಅಪಾಯದ್ದು ಅರಿಶಿಣ ಉಮ್ಮತ್ತಿ. ಅದೂ ಹಿಂಗಾರಿ ಹೊಲದ್ದೇ, ಅದರದ್ದೂ ಹಳದಿ ಹೂವೇ. ಎಲೆಯಲ್ಲಿ ಚುಚ್ಚುವ ಮುಳ್ಳು, ಬಿಳಿ ನರ, ಮುರಿದರೆ ಹಳದಿ ಹಾಲು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಬೆರೆತು ಜನರ ಜೀವ ತೆಗೆದದ್ದು ಇದರ ಬೀಜದ ಎಣ್ಣೆ.

ಕೊಯ್ಯುವುದು ಆರೇಳು ಎಲೆ ಇದ್ದಾಗ, ಹೂದಂಟು ಏಳುವ ಮೊದಲು. ದಂಟು ಎದ್ದ ಮೇಲೆ ಕಹಿ ಏರುತ್ತದೆ. ಬೇರು ಸಮೇತ ಕಿತ್ತು ಕಟ್ಟು ಕಟ್ಟುವುದು ಬೇಡ. ಕುರ್ಪಿಯಿಂದ ನೆಲಮಟ್ಟಕ್ಕೆ ಕೊಯ್ದರೆ ತಾಯಿಬೇರಿನಿಂದ ಮತ್ತೆ ಚಿಗುರುತ್ತದೆ. ಎರಿಮಣ್ಣು ಸುಳಿಯೊಳಗೆ ಸಿಕ್ಕಿರುವುದರಿಂದ ಎಲೆ ಬಿಡಿಸಿಕೊಂಡು ಮೂರು ನೀರಿನಲ್ಲಿ ತೊಳೆಯಬೇಕು. ಎರಡನೇ ನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ಹುಳು ಬಿಡುತ್ತವೆ, ಔಷಧಿ ಬಿಡುವುದಿಲ್ಲ.

ನಂಬಿಕೆಯ ಹೊಲ ಸಿಗದವರು ಹಿತ್ತಲಲ್ಲಿ, ಕುಂಡದಲ್ಲಿ ಬೆಳೆಸಬಹುದು. ಹೂ ಒಣಗಿ ಬಿಳಿ ಕೂದಲು ಬಿಚ್ಚಿದ ಕೂಡಲೇ, ಗಾಳಿಗೆ ಹಾರುವ ಮೊದಲು ಬೀಜ ಕೂಡಿಸಿಡಿ. ಮಳೆ ಕಡಿಮೆಯಾಗಿ ತಂಪು ಶುರುವಾದಾಗ ಚೆಲ್ಲಿ, ಮೇಲೆ ಜರಡಿ ಹಿಡಿದ ಮಣ್ಣು ತೆಳ್ಳಗೆ ಉದುರಿಸಿದರೆ ಸಾಕು. ಆಳಕ್ಕೆ ಹೂತರೆ ಇಷ್ಟು ಸಣ್ಣ ಬೀಜ ಮೇಲೆ ಬರಲಾರದು.

ರೈತ ಸಂಪರ್ಕ ಕೇಂದ್ರಗಳು ಕಳೆನಾಶಕದ ಬಗ್ಗೆ ಹೇಳುವಾಗ ಬದುವಿನ ತಪ್ಪಲದ ಮಾತನ್ನೂ ಸೇರಿಸಲಿ. ಬದುವಿಗೆ ಹೊಡೆದ ರೈತರು ಒಂದು ಕೆಂಪು ಬಟ್ಟೆ ಕಟ್ಟಿಬಿಟ್ಟರೆ ತಪ್ಪಲ ಕೊಯ್ಯಲು ಬಂದ ಹೆಣ್ಣುಮಕ್ಕಳಿಗೆ ತಿಳಿಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನ ಕೃಷಿ ಮೇಳದಲ್ಲಿ ಹಕ್ಕರಕಿ ಬೀಜದ ಚೀಟಿಗಳನ್ನೂ ಮಾರಾಟಕ್ಕಿಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇವೆ.

— ತಪ್ಪಲ ಬೆಳೆಯುವ ಓದುಗರು, ಅಣ್ಣಿಗೇರಿ