ಕಡೆದ ಮಸಾಲೆಗೂ ತಾರೀಖು ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಕುಂದಾಪುರದ ಕಡೆ ಈಗ ಮೀನು ಸಾರಿನ ಮಸಾಲೆ ಕಡೆದೇ ಪ್ಯಾಕೆಟಿನಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಅನುಕೂಲ, ಮನೆಯಲ್ಲೇ ಮಾಡಿ ಮಾರುವವರಿಗೂ ನಾಲ್ಕು ಕಾಸು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಂದು ಕಡೆದದ್ದು, ಕಾಯಿ ಹಾಕಿದ್ದೋ ಇಲ್ಲವೋ ಎಂದು ಪ್ಯಾಕೆಟಿನ ಮೇಲೆ ಒಂದಕ್ಷರವೂ ಇರುವುದಿಲ್ಲ. ಕೇಳಿದರೆ "ಫ್ರಿಜ್ಜಲ್ಲಿಡಿ ಅಮ್ಮ, ಏನೂ ಆಗೂದಿಲ್ಲ" ಎಂಬ ಉತ್ತರ. ಮೊನ್ನೆ ತಂದದ್ದನ್ನು ಬಿಚ್ಚುವಾಗಲೇ ಹುಳಿ ವಾಸನೆ, ಅಂಚಿನಲ್ಲೆಲ್ಲ ಸಣ್ಣ ಗುಳ್ಳೆ. ಬಂಗುಡೆ ಕೊಯ್ದು ತೊಳೆದಿಟ್ಟಾಗಿತ್ತು. ಉಪ್ಪು ಖಾರ ಹಚ್ಚಿ ಕಾಯಿಸಿದ್ದಾಯಿತು, ಸಾರು ಆಗಲಿಲ್ಲ.

ಕಾಯಿ ಸೇರಿದ ಮಸಾಲೆಯ ಆಯುಷ್ಯವೇ ಕಡಿಮೆ. ಹಸಿ ಕಾಯಿಯಲ್ಲಿ ನೀರಿನಂಶ ಜಾಸ್ತಿ. ಫ್ರಿಜ್ಜಿನಲ್ಲಿಟ್ಟರೂ ಒಂದೆರಡು ದಿನದಲ್ಲಿ ಮುಗಿಸಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದು, ಹುಣಸೆಹುಳಿ, ಉಪ್ಪು ಹಾಕಿ, ಆದಷ್ಟು ನೀರು ತಾಗಿಸದೆ ಗಟ್ಟಿಯಾಗಿ ಕಡೆದದ್ದಾದರೆ ಫ್ರಿಜ್ಜಿನಲ್ಲಿ ಅದಕ್ಕಿಂತ ಹೆಚ್ಚು ತಾಳುತ್ತದೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕೆಲವು ಮಸಾಲೆಗೆ ನೀರಿನ ಬದಲು ವಿನೆಗರ್ ಹಾಕಿ ಕಡೆಯುತ್ತಾರಲ್ಲ, ಅದೂ ಕೆಡದಿರಲೆಂದೇ. ಕಾಯಿಯನ್ನು ಅವತ್ತಿಗವತ್ತೇ ಕಡೆದು ಸೇರಿಸಿದರಾಯಿತು. ಇನ್ನೊಂದು: ಮಿಕ್ಸಿಯಲ್ಲಿ ಬಿಸಿಯಾದ ಮಸಾಲೆ ಆರುವ ಮೊದಲೇ ಮುಚ್ಚಳ ಹಾಕಿದರೆ ಡಬ್ಬಿ ಒಳಗೇ ಬೆವರುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದ.

ಹೆಚ್ಚು ದಿನಕ್ಕಾದರೆ ಫ್ರೀಜರೇ ಸರಿ. ಐಸ್ ಟ್ರೇಗೆ ತುಂಬಿ, ಗಟ್ಟಿಯಾದ ಮೇಲೆ ತುಂಡುಗಳನ್ನು ಡಬ್ಬಿಗೆ ಹಾಕಿಟ್ಟರೆ ಬೇಕಾದಷ್ಟೇ ತೆಗೆಯಬಹುದು. ಆದರೆ ನಮ್ಮೂರಿನ ಮಳೆಗಾಲ ಗೊತ್ತಲ್ಲ, ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕರಗಿ ಮತ್ತೆ ಗಟ್ಟಿಯಾದ ಪ್ಯಾಕೆಟನ್ನು ಗಿರಾಕಿ ಗುರುತಿಸುವುದು ಹೇಗೆ?

ಮೇಲೆ ಎಣ್ಣೆ ಹೊಯ್ದು, ಫ್ರಿಜ್ಜಿಗೂ ಹಾಕದೆ ಹೊರಗೇ ಇಟ್ಟು ಮಾರುವ ಮನೆ ತಯಾರಿಯ ಬೆಳ್ಳುಳ್ಳಿ ಪೇಸ್ಟ್ ಕಂಡರೆ ನನಗೆ ಇನ್ನೂ ಭಯ. ಎಣ್ಣೆಯಡಿ ಗಾಳಿಯಾಡದ ಕಡೆ ಬೆಳೆಯುವ ಬೊಟುಲಿನಂ ಬ್ಯಾಕ್ಟೀರಿಯಾದ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹುಳಿ ಬಂದ ಕಾಯಿಯಾದರೆ ಮೂಗಿಗಾದರೂ ತಿಳಿಯುತ್ತದೆ.

ಪ್ಯಾಕ್ ಮಾಡಿ ಮಾರುವ ಆಹಾರದ ಮೇಲೆ ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ ನಮೂದಿಸಬೇಕೆಂಬ ನಿಯಮ ಇದ್ದೇ ಇದೆ. ಹಾಗಂತ ಈ ಹೆಂಗಸರಿಗೆ ದಂಡ ಹಾಕಿ ಎನ್ನುತ್ತಿಲ್ಲ. ಹಾಕಿದರೆ ಕಸುಬನ್ನೇ ಬಿಟ್ಟಾರು. ಆಹಾರ ಸುರಕ್ಷತಾ ಅಧಿಕಾರಿಗಳು ಸ್ವಸಹಾಯ ಸಂಘಗಳ ಸಭೆಗೆ ಬಂದು ಅರ್ಧ ದಿನ ಕೂತು ಹೇಳಿಕೊಡಲಿ. ಸದ್ಯಕ್ಕೆ ಒಂದು ಚೀಟಿಯಲ್ಲಿ ಕಡೆದ ತಾರೀಖು, 'ಕಾಯಿ ಇದೆ' ಅಥವಾ 'ಕಾಯಿ ಇಲ್ಲ' ಎಂದು ಪೆನ್ನಿನಲ್ಲಿ ಬರೆದು ಅಂಟಿಸಿದರೂ ಆದೀತು. ಅಂಥ ಪ್ಯಾಕೆಟಿಗೆ ಹತ್ತು ರೂಪಾಯಿ ಹೆಚ್ಚು ಹೇಳಿದರೂ ನಾನು ಚೌಕಾಸಿ ಮಾಡುವುದಿಲ್ಲ.

– ಓರ್ವ ಗೃಹಿಣಿ, ಕುಂದಾಪುರ